ಸಕ್ರಿ ಬಿಡಿಸಿದ್ದಾಯ್ತು, ಇನ್ನು ರೊಟ್ಟಿನೂ ಬಿಡಿಸಬೇಕೇನ್ರಿ?

ಪ್ರಶ್ನೆ: ನಮ್ಮ ಅಕ್ಕಾಗ ಎದಿ ಕ್ಯಾನ್ಸರ್ ಅದ, ಕೀಮೋ ನಡದದ. ಸಕ್ರಿ ತಿಂದ್ರ ಗಡ್ಡಿ ಬೆಳೀತದ ಅಂತ ಎಲ್ಲಾರೂ ಹೇಳ್ಲಕತ್ತಾರ. ಸಕ್ರಿ, ಹಾಲು, ಅನ್ನ ಬಿಡಿಸೀವಿ. ರೊಟ್ಟಿನೂ ಬಿಡಿಸಬೇಕೇನ್ರಿ?

ಉತ್ತರ: ಬೇಡ. ಬಿಡಿಸಿದ ಹಾಲು, ಅನ್ನವನ್ನೂ ಇವತ್ತೇ ವಾಪಸ್ ಕೊಡಿ. ಒಮ್ಮೆ ಆಳಂದದಿಂದ, ಒಮ್ಮೆ ಹುಮನಾಬಾದಿನಿಂದ, ಒಮ್ಮೆ ಸುರಪುರದಿಂದ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ಆದ್ದರಿಂದ ಈ ಸಲ ಬೇರುಸಹಿತ ಕೀಳೋಣ.

ಈ ಮಾತಿನೊಳಗೆ ಅರ್ಧ ಸತ್ಯ ಇದೆ, ಅದಕ್ಕೇ ಇದು ಸಾಯುವುದಿಲ್ಲ. ಕ್ಯಾನ್ಸರ್ ಕಣಗಳು ಗ್ಲೂಕೋಸನ್ನು ಬಕಬಕ ನುಂಗುತ್ತವೆ ಎಂದು ಜರ್ಮನಿಯ ವಿಜ್ಞಾನಿ ಓಟೊ ವಾರ್‌ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು. ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ಹುಡುಕುವ ಪೆಟ್ ಸ್ಕ್ಯಾನ್ ನಡೆಯುವುದೂ ಅದರ ಮೇಲೆಯೇ: ವಿಕಿರಣ ಸೂಸುವ, ಗ್ಲೂಕೋಸಿನಂಥ ಔಷಧಿ ಚುಚ್ಚಿದರೆ ಗಡ್ಡೆ ಹೊಳೆಯುತ್ತದೆ. ಆದರೆ ಅದೇ ಸ್ಕ್ಯಾನಿನಲ್ಲಿ ಮಿದುಳೂ ಹೊಳೆಯುತ್ತದಲ್ಲ, ಅದನ್ನು ಯಾರೂ ಹೇಳುವುದಿಲ್ಲ! ಗ್ಲೂಕೋಸ್ ಮೈಯ ಎಲ್ಲ ಕಣಗಳ ಉರುವಲು.

ಬಾಯಿಗೆ ಸಕ್ಕರೆ, ರೊಟ್ಟಿ ಬೀಳದಿದ್ದರೆ ರಕ್ತದಲ್ಲಿ ಗ್ಲೂಕೋಸ್ ಬತ್ತಿಹೋಗುತ್ತದೆಯೇ? ಹಾಗಾಗಿದ್ದರೆ ಏಕಾದಶಿ ಉಪವಾಸ ಮಾಡಿದವರೆಲ್ಲ ಸಂಜೆಗೆ ಮೂರ್ಛೆ ಹೋಗಬೇಕಿತ್ತು. ಲಿವರ್ ಮೊದಲು ತನ್ನ ದಾಸ್ತಾನು ಬಿಚ್ಚುತ್ತದೆ. ಅದು ಹೆಚ್ಚೆಂದರೆ ಒಂದು ದಿನದ ಮಾತು. ಆಮೇಲೆ ಮಾಂಸಖಂಡದ ಪ್ರೋಟೀನು ಕರಗಿಸಿ ಗ್ಲೂಕೋಸ್ ತಯಾರಿಸುತ್ತದೆ. ಗಡ್ಡೆಗೆ ಅದರ ಪಾಲು ಸಿಕ್ಕೇ ಸಿಗುತ್ತದೆ, ಸೊರಗುವುದು ಅಕ್ಕನ ತೋಳು, ತೊಡೆ. ಮಾಂಸಖಂಡ ಕರಗಿದವರಿಗೆ ಕೀಮೋದ ಅಡ್ಡಪರಿಣಾಮವೂ ಜೋರು. ತಡೆಯಲಾಗದೆ ಡೋಸ್ ಇಳಿಸುವುದು, ಮುಂದೂಡುವುದು ಶುರುವಾದರೆ ಪೆಟ್ಟು ಚಿಕಿತ್ಸೆಗೇ.

ಪಥ್ಯದಿಂದಲೇ ಕಾಯಿಲೆ ತಡೆಯುತ್ತೇವೆ ಎನ್ನುವವರು ಇದನ್ನೂ ಕೇಳಿ. ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 3,088 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 2007ರಲ್ಲಿ ಬಂತು. ಒಂದು ಗುಂಪಿಗೆ ರಾಶಿ ತರಕಾರಿ, ಹಣ್ಣು, ನಾರು, ಕಡಿಮೆ ಜಿಡ್ಡು. ಇನ್ನೊಂದಕ್ಕೆ ಸಾಮಾನ್ಯ ಸಲಹೆ ಮಾತ್ರ. ಏಳು ವರ್ಷದ ನಂತರ ಕಾಯಿಲೆ ಮರುಕಳಿಸಿದ್ದು ಅಥವಾ ಹೊಸದಾಗಿ ಬಂದದ್ದು ಮೊದಲ ಗುಂಪಿನಲ್ಲಿ ಶೇ. 16.7, ಎರಡನೆಯದರಲ್ಲಿ ಶೇ. 16.9.

ಹಾಗಂತ ಹೋಳಿಗೆ ಮೇಲೆ ಹೋಳಿಗೆ ಬಡಿಸಿ ಎಂದೇನೂ ಅಲ್ಲ. ತೂಕ ಏರಿದರೆ ಅದೇ ಬೇರೆ ತೊಂದರೆ. ಕೀಮೋ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧಿ ಕೊಡುವ ದಿನಗಳಲ್ಲಿ ಶುಗರ್ ಏರುತ್ತದೆ, ಮೊದಲೇ ಶುಗರ್ ಇದ್ದವರು ಚೆಕ್ ಮಾಡಿಸಲೇಬೇಕು. ಉಳಿದವರ ಚಹಾದ ಒಂದು ಚಮಚ ಸಕ್ರಿಗೆ ಇಷ್ಟು ಗದ್ದಲ ಬೇಡ.

ಲೆಕ್ಕ ಇಡಬೇಕಾದದ್ದು ಪ್ರೋಟೀನಿನದು. ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1.2 ಗ್ರಾಂ, ಅಂದರೆ 60 ಕಿಲೋ ಇದ್ದವರಿಗೆ 72 ಗ್ರಾಂ. (ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿ.) ಪೌಡರ್ ಡಬ್ಬಿ ತರಲು ಓಡಬೇಡಿ. ಮೂರು ಜೋಳದ ರೊಟ್ಟಿಗೆ 15 ಗ್ರಾಂ, 60 ಗ್ರಾಂ ತೊಗರಿ ಬೇಳೆಗೆ 13, ಅರ್ಧ ಲೀಟರ್ ಹಾಲು-ಮೊಸರಿಗೆ 16, ಎರಡು ಮೊಟ್ಟೆಗೆ 12, ಒಂದು ಹಿಡಿ ಶೇಂಗಾಕ್ಕೆ 7, ಒಂದು ಬಟ್ಟಲು ಹೆಸರುಕಾಳು ಪಲ್ಯಕ್ಕೆ 9. ಕೂಡಿಸಿ ನೋಡಿ. ಹಾಲು ಕಾಯಿಸಿದ್ದಿರಲಿ, ಮೊಟ್ಟೆ ಪೂರ್ತಿ ಬೆಂದಿರಲಿ. ಬಾಯಿ ಹುಣ್ಣಾದಾಗ ಕಡಕ್ ರೊಟ್ಟಿ, ಕೆಂಪು ಖಾರದ ಹಿಂಡಿ ದೂರ. ಮೆತ್ತನೆ ರೊಟ್ಟಿ ಬೇಳೆಯಲ್ಲಿ ನೆನೆಸಿ ಕೊಡಿ. ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ, ನುಂಗುವುದು ಬೇಡ.

ಇನ್ನು ಸೋಯಾ. ನೀವು ಕೇಳಿಲ್ಲ, ಆದರೆ ಬೀದರ್ ಹೊಲಗಳ ತುಂಬ ಅದೇ ಇರುವಾಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಲವು ಬಗೆಯ ಸ್ತನ ಕ್ಯಾನ್ಸರನ್ನು ಬೆಳೆಸುವ ಹೆಣ್ಣಿನ ಹಾರ್ಮೋನು ಈಸ್ಟ್ರೊಜೆನ್, ಅದನ್ನು ಹೋಲುವ ವಸ್ತು ಸೋಯಾದಲ್ಲಿ ಇದೆ ಎಂಬುದೇ ಹೆದರಿಕೆಯ ಮೂಲ. ಶಾಂಘೈನಲ್ಲಿ ಸ್ತನ ಕ್ಯಾನ್ಸರ್ ಆದ 5,042 ಮಹಿಳೆಯರನ್ನು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಊಟದಲ್ಲಿ ಸೋಯಾ ಹೆಚ್ಚು ತಿಂದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆಯೇ. ಸೋಯಾ ಸಾರದ ಮಾತ್ರೆ ಮಾತ್ರ ಬೇಡ, ಅದು ಊಟವಲ್ಲ. 30 ಗ್ರಾಂ ಸೋಯಾ ಚಂಕ್ಸ್ ಬಿಸಿನೀರಲ್ಲಿ ನೆನೆಸಿ, ಹಿಂಡಿ, ಪಲ್ಯಕ್ಕೆ ಹಾಕಿದರೆ 15 ಗ್ರಾಂ ಪ್ರೋಟೀನು. ಮೊಟ್ಟೆ ಮುಟ್ಟದ ಮನೆಗಳಿಗೆ ಆ 12 ಗ್ರಾಮಿನ ಜಾಗ ಇಲ್ಲಿ ತುಂಬುತ್ತದೆ.