ನಾಲ್ಕು ಮನೆಗೊಂದು ಮೀಟರ್

ಹುಬ್ಬಳ್ಳಿ-ಧಾರವಾಡದಲ್ಲಿ ನೀರಿನ ಮಾತು ಬಂದರೆ ಎಲ್ಲರೂ ಕೇಳುವುದು ಒಂದೇ: ‘ನಿಮ್ಮ ಕಡೆ ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ?’ ಕುಡಿಯುವ ನೀರಿನ ಪೈಪ್‌ಲೈನ್ ಕೆಲಸದಲ್ಲಿರುವ ಎಂಜಿನಿಯರ್ ಆಗಿ ನಾನು ಇನ್ನೊಂದನ್ನೂ ಕೇಳುತ್ತೇನೆ. ಬಂದ ನೀರನ್ನು ಹಿಡಿದಿಡಲು ನಿಮ್ಮ ಮನೆಯಲ್ಲಿ ಜಾಗ ಎಷ್ಟಿದೆ? ನಮ್ಮೂರಲ್ಲಿ ಇದ್ದವರು, ಇಲ್ಲದವರು ಅನ್ನುವ ಭೇದ ಇಲ್ಲಿ ಕಂಡಷ್ಟು ಬೇರೆಲ್ಲೂ ನನಗೆ ಕಂಡಿಲ್ಲ.

ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಸಿಗಬೇಕು ಅನ್ನುತ್ತದೆ ಕೇಂದ್ರದ ಮಾರ್ಗಸೂಚಿ. ಐದು ದಿನಕ್ಕೊಮ್ಮೆ ನೀರು ಬಂದರೆ ಐದು ಜನರ ಮನೆ ಒಂದೇ ಸಲಕ್ಕೆ 3,375 ಲೀಟರ್ ಹಿಡಿದಿಡಬೇಕು. ಅಂಗಳದಲ್ಲಿ 5,000 ಲೀಟರಿನ ಸಂಪು, ಮಾಳಿಗೆ ಮೇಲೆ ಟಾಕಿ ಇದ್ದವರಿಗೆ ಇದು ಕಷ್ಟವಲ್ಲ. ಮೋಟರ್ ಹಚ್ಚಿದರೆ ಆಯ್ತು. ಇಕ್ಕಟ್ಟಾದ ಓಣಿಯಲ್ಲಿ ಒಂದೇ ಖೋಲಿ ಬಾಡಿಗೆ ಹಿಡಿದವರು ಸಂಪು ಎಲ್ಲಿ ಕಟ್ಟಿಸಬೇಕು? 200 ಲೀಟರಿನ ಎರಡು ಬ್ಯಾರಲ್, 15 ಲೀಟರಿನ ಹತ್ತು ಕೊಡ. ಎಲ್ಲ ತುಂಬಿದರೂ 550 ಲೀಟರ್. ಐದು ಜನಕ್ಕೆ, ಐದು ದಿನಕ್ಕೆ ಹಂಚಿದರೆ ಒಬ್ಬರಿಗೆ ದಿನಕ್ಕೆ 22 ಲೀಟರ್. ಮಲಪ್ರಭೆಯಿಂದ ಬಂದು ಅಮ್ಮಿನಬಾವಿಯಲ್ಲಿ ಶುದ್ಧವಾದ ಅದೇ ನೀರು, ಅದೇ ದಿನ, ಅದೇ ಪೈಪಿನಲ್ಲಿ ಎರಡೂ ಮನೆಗೆ ಬಂದಿರುತ್ತದೆ.

ಕೆಲವರು ಮೋಟರನ್ನು ನೇರವಾಗಿ ನಳಕ್ಕೇ ಹಚ್ಚುತ್ತಾರೆ. ಅದು ಲೈನಿನ ನೀರನ್ನೆಲ್ಲ ತನ್ನ ಕಡೆ ಎಳೆಯುತ್ತದೆ, ಓಣಿಯ ತುದಿಯಲ್ಲಿ ಪ್ರೆಶರ್ ಬೀಳುತ್ತದೆ. ಓಣಿಗಳಿಗೆ ನೀರು ಬಿಡುವ ವಾಲ್‌ಮನ್ ಜೊತೆ ಒಂದು ನಸುಕಿನಲ್ಲಿ ಅಂಥ ಓಣಿಗೆ ಹೋಗಿದ್ದೆ. ಕೊನೆಯ ಮನೆಯ ಮುಂದೆ ಮೊಣಕಾಲುದ್ದದ ಗುಂಡಿ ತೋಡಿ, ಪೈಪನ್ನು ಅದರೊಳಗೇ ಕತ್ತರಿಸಿದ್ದರು. ತಗ್ಗಿನಲ್ಲಾದರೂ ನಾಲ್ಕು ಹನಿ ಜಾಸ್ತಿ ಬೀಳಲಿ ಅಂತ. ಗುಂಡಿಯಲ್ಲಿ ತಂಬಿಗೆ ಇಟ್ಟು, ತುಂಬಿದ ಮೇಲೆ ಕೊಡಕ್ಕೆ ಸುರಿಯಬೇಕು. ನಾಲ್ಕು ಮನೆಯವರು ಪಾಳಿ ಹಚ್ಚಿದ್ದರು. ‘ನಮ್ಮ ಪಾಳಿ ಬರೂದ್ರಾಗ ನೀರ ನಿಂತ ಬಿಡ್ತಾವ್ರಿ ಸರ’ ಅಂದರು ಅಲ್ಲಿದ್ದ ಒಬ್ಬ ಹೆಣ್ಣುಮಗಳು. ಅವತ್ತು ಅವರು ಕೂಲಿಗೆ ಹೋಗಿರಲಿಲ್ಲ. ನೀರು ಬರುವ ದಿನ ಮನೆಯಲ್ಲಿ ಒಬ್ಬರು ಉಳಿಯಲೇಬೇಕು. ತಪ್ಪಿದ ಆ ಕೂಲಿ ನೀರಿನ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಆ ಗುಂಡಿಯಿಂದ ಮಾರು ದೂರದಲ್ಲಿ ಗಟಾರ ಇತ್ತು. ನೀರು ನಿಂತಾಗ ಪೈಪು ಖಾಲಿಯಾಗಿ, ಒಳಗೆ ಪ್ರೆಶರ್ ಇಲ್ಲದಂತಾಗುತ್ತದೆ. ಆಗ ಬಿರುಕು, ಸಡಿಲ ಜಾಯಿಂಟ್‌ಗಳಿಂದ ಹೊರಗಿನ ಕೊಳೆ ಒಳಗೆ ಸೇರುತ್ತದೆ. ಪೈಪು ಸದಾ ತುಂಬಿದ್ದರೆ ಸೋರುವುದು ಹೊರಗೆ, ಒಳಗಲ್ಲ. ಇದು ಸುಮ್ನೆ ಹೇಳುವ ಮಾತಲ್ಲ. ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 2008ರ ಹೊತ್ತಿಗೆ ನಮ್ಮ ಅವಳಿ ನಗರದ ಸುಮಾರು ಹತ್ತನೇ ಒಂದು ಪಾಲು ಜನರಿಗೆ ದಿನದ 24 ಗಂಟೆ ನೀರು ಬಂತು. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಆ ವಾರ್ಡುಗಳನ್ನು ಉಳಿದ ವಾರ್ಡುಗಳ ಜೊತೆ ಹೋಲಿಸಿ ನೋಡಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ನಳದಲ್ಲಿ ಹಿಡಿದ ನೂರು ಮಾದರಿಯಲ್ಲಿ ಸುಮಾರು 30ರಲ್ಲಿ ಇ-ಕೊಲೈ, ಅಂದರೆ ನೀರಿಗೆ ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ, ಇತ್ತು. 24 ಗಂಟೆ ಬರುವ ಕಡೆ ನೂರಕ್ಕೆ ಒಂದೂ ಇರಲಿಲ್ಲ. ಮಕ್ಕಳ ಸಾಮಾನ್ಯ ಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ 24 ಗಂಟೆ ನೀರು ಸಿಕ್ಕ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಸಾಕಷ್ಟು ಕಡಿಮೆ ಇತ್ತು.

ಅಂದರೆ ಸದಾ ನೀರು ಮೊದಲು ಯಾರಿಗೆ ಕೊಡಬೇಕು ಅನ್ನುವುದಕ್ಕೆ ಉತ್ತರ ನಮ್ಮೂರಿನಲ್ಲೇ ಸಿಕ್ಕಿದೆ. ಆದರೆ ಅಗೆಯಲು ಸುಲಭವಾಗುವುದು ಹೊಸ ಲೇಔಟ್. ರಸ್ತೆ ಅಗಲ, ಮನೆಗಳ ಕಾಗದಪತ್ರ ಸರಿ, ಜಗಳ ಕಡಿಮೆ. ಎಂಜಿನಿಯರುಗಳಿಗೆ ಈ ಸುಲಭದ ಸೆಳೆತ ಇದ್ದೇ ಇರುತ್ತದೆ. ಅದನ್ನು ಮೀರಿ ಓಣಿಯ ತುದಿಯಿಂದ ಕೆಲಸ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಡೆಂಗಿಯ ವಿಷಯವೂ ಹೀಗೇ. ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿ, ತಿಕ್ಕಿ ಒಣಗಿಸಿ ಅಂತ ಆರೋಗ್ಯ ಇಲಾಖೆ ಹೇಳುತ್ತದೆ. ಸರಿಯಾದ ಮಾತೇ. ಡೆಂಗಿ ಸೊಳ್ಳೆ ಬೆಳೆಯುವುದು ನಿಂತ ತಿಳಿನೀರಿನಲ್ಲಿ. ಆದರೆ ಮುಂದಿನ ನೀರು ಯಾವತ್ತು ಬರುತ್ತದೋ ಗೊತ್ತಿಲ್ಲದವರು ಇದ್ದ ನೀರು ಚೆಲ್ಲುತ್ತಾರಾ?

ಇನ್ನು ಬಿಲ್ಲು. ನೀರು ಜಾಸ್ತಿ ಬಳಸಿದರೆ ದರ ಏರುವ ಸ್ಲ್ಯಾಬ್ ಪದ್ಧತಿ ಬಡವರ ಪರವಾಗಿದೆ ಅಂತ ಎಲ್ಲರೂ ನಂಬಿದ್ದಾರೆ. ಮನೆಗೊಂದು ನಳ ಇದ್ದರೆ ಆ ಮಾತು ನಿಜ. ಒಂದೇ ನಳದ ಮೇಲೆ ನಾಲ್ಕು ಬಾಡಿಗೆ ಮನೆ ಇದ್ದಾಗ ಏನಾಗುತ್ತದೆ ನೋಡಿ. ಇಪ್ಪತ್ತು ಜನ ತಲಾ 60 ಲೀಟರ್ ಬಳಸಿದರೂ ತಿಂಗಳಿಗೆ 36,000 ಲೀಟರ್. ಪಕ್ಕದ ಬಂಗಲೆಯಲ್ಲಿ ಐದೇ ಜನ, ತಲಾ 135 ಲೀಟರ್ ಬಳಸಿದರೂ ತಿಂಗಳಿಗೆ 20,250 ಲೀಟರ್. ಮೀಟರಿಗೆ ತಲೆ ಎಣಿಸಲು ಬರುವುದಿಲ್ಲ ಅಲ್ವಾ? ತಲಾ ಅರ್ಧಕ್ಕಿಂತ ಕಡಿಮೆ ನೀರು ಬಳಸಿದವರು ಮೇಲಿನ ಸ್ಲ್ಯಾಬಿಗೆ ಹೋಗುತ್ತಾರೆ. ಬಿಲ್ಲು ಮಾಲೀಕರ ಹೆಸರಿಗೆ ಬಂದರೂ ಹೊರೆ ಬಾಡಿಗೆದಾರರ ಮೇಲೇ ಬೀಳುತ್ತದೆ.

ಇದನ್ನು ಸರಿಪಡಿಸಲು ಹೊಸ ಪೈಪು ಬೇಕಿಲ್ಲ. ಸ್ಲ್ಯಾಬನ್ನು ಮೀಟರಿನ ಬದಲು ಕುಟುಂಬದ ಮೇಲೆ ಲೆಕ್ಕ ಹಾಕಿದರೆ ಸಾಕು. ನಾಲ್ಕು ಕುಟುಂಬ ಇದ್ದರೆ ಕಡಿಮೆ ದರದ ಸ್ಲ್ಯಾಬು ನಾಲ್ಕು ಪಟ್ಟು. ಸುಳ್ಳು ಲೆಕ್ಕ ಕೊಡುತ್ತಾರೆ ಅನ್ನುವವರಿದ್ದಾರೆ. ರೇಷನ್ ಕಾರ್ಡ್, ಬಾಡಿಗೆ ಕರಾರು ಪತ್ರ ನೋಡಿದರೆ ಗೊತ್ತಾಗುತ್ತದೆ. ಎರಡೂ ಇಲ್ಲದವರ ಮನೆಗೆ ಮೀಟರ್ ಓದಲು ಹೋಗುವವರೇ ನೋಡಿ ಬರೆದುಕೊಳ್ಳಬಹುದು. ನಳದ ಅರ್ಜಿಯಲ್ಲಿ ‘ಈ ನಳ ಎಷ್ಟು ಕುಟುಂಬಕ್ಕೆ?’ ಅನ್ನುವ ಕಾಲಂ ಇರಬೇಕು. ನೀರಿನ ದರದ ಚರ್ಚೆ ಬಂದಾಗ ನಿಮ್ಮ ವಾರ್ಡಿನ ಪಾಲಿಕೆ ಸದಸ್ಯರ ಮುಂದೆ ದಯವಿಟ್ಟು ಇದನ್ನೇ ಎತ್ತಿ.