ಒಂಟಿ ತಾಳೆ ಮರವೋ, ಒಂದೇ ಬುಗ್ಗೆಯ ಪಾಚಿಯೋ?

ಪ್ರಶ್ನೆ: ತಾಳೆ ಜಾತಿಯ ಮರವೂ ಕಲ್ಲಿಗಂಟಿದ ಪಾಚಿಯೂ ಅಳಿವಿನಂಚಿನ ಪಟ್ಟಿಯಲ್ಲಿ ಇರ್ತಾವಂತ. ರೊಕ್ಕ ಕಡಿಮಿ ಇದ್ದಾಗ ಮೊದಲು ಮರಾನೇ ಉಳಿಸಬೇಕಲ್ರೀ? (ಓದುಗರು, ಧಾರವಾಡ)

ಉತ್ತರ: ಗಾತ್ರ ನೋಡಿ ತೀರ್ಮಾನಿಸುವ ವಿಷಯವಲ್ಲ ಇದು. ಯಾವುದಕ್ಕೆ ಏನು ತೊಡಕಾಗಿದೆ ಎಂದು ಮೊದಲು ನೋಡಬೇಕು.

ಮಾರಿಷಸ್‌ನ ಕ್ಯೂರ್‌ಪೀಪ್ ಸಸ್ಯೋದ್ಯಾನದಲ್ಲಿ ಹಯೋಫೋರ್ಬೆ ಅಮಾರಿಕಾಲಿಸ್ ಎಂಬ ತಾಳೆ ಇದೆ. ಜಗತ್ತಿನಲ್ಲಿ ಆ ಜಾತಿಗೆ ಉಳಿದಿರುವುದು ಅದೊಂದೇ ಮರ. ಹಾನಗಲ್ ಕಡೆಯ ಅಡಕೆ ತೋಟದವರಿಗೆ ಇದರ ಸಂಕಟ ಬೇಗ ಅರ್ಥವಾಗುತ್ತದೆ. ಕೊಂಬೆಯಿಲ್ಲ, ಇರುವುದು ಒಂದೇ ಸುಳಿ. ಮಾವಿನಂತೆ ಕಸಿ ಕಟ್ಟಲು ಬರುವುದಿಲ್ಲ, ಟೊಂಗೆ ನೆಟ್ಟು ಚಿಗುರಿಸಲೂ ಆಗದು. ಸುಳಿ ಕೊಳೆತರೆ ಮರವೇ ಹೋಯಿತು. ಉಳಿದದ್ದು ಬೀಜದ ದಾರಿ, ಅದೂ ಸಲೀಸಲ್ಲ: ಗಂಡು ಹೂ ಮೊದಲು ಅರಳಿ ಉದುರುತ್ತವೆ, ಹೆಣ್ಣು ಹೂ ಆಮೇಲೆ ಬರುತ್ತವೆ. ಅಡಕೆಯ ಹಿಂಗಾರದಲ್ಲೂ ಹೀಗೆಯೇ, ಆದರೆ ತೋಟದಲ್ಲಿ ಪರಾಗ ಕೊಡಲು ಸುತ್ತ ನೂರಾರು ಮರಗಳಿರುತ್ತವೆ. ಇದಕ್ಕೆ ಯಾರೂ ಇಲ್ಲ. ಲ್ಯಾಬಿನಲ್ಲಿ ಎಬ್ಬಿಸಿದ ಸಸಿಗಳೂ ಹೊರಗೆ ಬಂದು ಬಾಳಲಿಲ್ಲ.

ಪಾಚಿಯ ಕಥೆ ಬೇರೆ. ಥ್ಯಾಮ್ನೋಬ್ರಿಯಂ ಆಂಗಸ್ಟಿಫೋಲಿಯಂ ಎಂಬ ಪಾಚಿ (ಮಾಸ್) ಇರುವುದು ಇಂಗ್ಲೆಂಡಿನ ಡರ್ಬಿಶೈರ್‌ನ ಸುಣ್ಣಕಲ್ಲಿನ ಕಣಿವೆಯ ಒಂದೇ ಬುಗ್ಗೆಯಲ್ಲಿ, ಕೆಲವೇ ಚದರ ಮೀಟರ್ ಬಂಡೆಯ ಮೇಲೆ. ಸಾಮಾನ್ಯವಾಗಿ ಪಾಚಿಯ ಒಂದು ತುಣುಕಿನಿಂದಲೂ ಹೊಸ ಗಿಡ ಹುಟ್ಟಬಲ್ಲದು. ತಾಳೆಗಿಲ್ಲದ ದೊಡ್ಡ ಅನುಕೂಲವಿದು. ಆದರೆ ಪಾಚಿಗೆ ನಿಜವಾದ ಬೇರಿಲ್ಲ. ಹೆಚ್ಚಿನವುಗಳ ಎಲೆ ಒಂದೇ ಜೀವಕೋಶದಷ್ಟು ತೆಳು, ನೀರನ್ನು ಎಲೆಯೇ ಹೀರುತ್ತದೆ. ಮೇಲ್ಗಡೆ ಹೊಲದ ಗೊಬ್ಬರವೋ ಕೊಳಕೋ ನೀರಿಗೆ ಸೇರಿದರೆ ನೇರವಾಗಿ ಅದರ ಮೈಗೇ ಬರುತ್ತದೆ. ಧಾರವಾಡದ ಕಂಪೌಂಡ್ ಗೋಡೆಯ ಪಾಚಿ ಬೇಸಿಗೆಯಲ್ಲಿ ಒಣಗಿ, ಮಿರಗದ ಮಳೆ ಬಿದ್ದೊಡನೆ ಹಸಿರಾಗುವುದನ್ನು ಕಂಡು ಎಲ್ಲ ಪಾಚಿಯೂ ಗಟ್ಟಿ ಎಂದುಕೊಳ್ಳಬಾರದು. ಡರ್ಬಿಶೈರ್‌ನದು ಸದಾ ಹರಿಯುವ ಶುದ್ಧ ನೀರನ್ನೇ ನಂಬಿದ್ದು.

ಹಾಗಾಗಿ ತಾಳೆಗೆ ಬೇಕಿರುವುದು ಲ್ಯಾಬು, ತಜ್ಞರು, ವರ್ಷಗಟ್ಟಲೆ ತಾಳ್ಮೆ; ಫಲ ಸಿಗುವ ಖಾತ್ರಿಯಿಲ್ಲ. ಪಾಚಿಗೆ ಬೇಕಿರುವುದು ಆ ಬುಗ್ಗೆಯ ನೀರು ಕೆಡದಂತೆ, ಬತ್ತದಂತೆ ನೋಡಿಕೊಳ್ಳುವುದು. ಕಡಿಮೆ ರೊಕ್ಕದಲ್ಲಿ ಖಂಡಿತ ಆಗುವ ಕೆಲಸ ಎರಡನೆಯದು. ನನ್ನನ್ನು ಕೇಳಿದರೆ ಮರದ ನೆಪದಲ್ಲಿ ಪಾಚಿಯನ್ನು ಹಿಂದೆ ತಳ್ಳುವುದು ತಪ್ಪು. ತುಳಿಯುವವರು, ಕಿತ್ತು ಒಯ್ಯುವವರು ಬಂದಾರೆಂದು ಆ ಬುಗ್ಗೆ ನಿಖರವಾಗಿ ಎಲ್ಲಿದೆ ಎಂಬುದನ್ನೂ ಬಹಿರಂಗಪಡಿಸುವುದಿಲ್ಲ.