ಹಳೇ ಪುಸ್ತಕಕ್ಕೆ ಕಟರ್ ಹಿಡಿಯುವ ಮುಂಚೆ ರಟ್ಟು ತೆರೆದು ನೋಡಿ

ಪುಸ್ತಕದ ಮುಖಪುಟ ಚೆಂದ ಇರಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಮುಂಚೆ ಅದು ಮಾಡಬೇಕಾದ ಕೆಲಸ ಒಂದಿದೆ: ಒಳಗಿರುವುದು ಎಂಥ ಪುಸ್ತಕ ಅಂತ ಥಟ್ಟನೆ ತಿಳಿಸುವುದು. ಕೊಲೆಯ ಕಥೆಗೆ ತಿಳಿ ಗುಲಾಬಿ ಬಣ್ಣ, ಬಳುಕುವ ಅಕ್ಷರ ಕೊಟ್ಟರೆ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಬೇಕಾದವರು ಅದನ್ನು ಎತ್ತಿಕೊಳ್ಳುವುದಿಲ್ಲ. 1935ರಲ್ಲಿ ಶುರುವಾದ, ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನದ ಪೇಪರ್‌ಬ್ಯಾಕ್‌ಗಳು ಇದನ್ನು ಬಣ್ಣದಲ್ಲೇ ಮುಗಿಸಿಬಿಟ್ಟವು. ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು, ಜೀವನಚರಿತ್ರೆಗೆ ಕಡು ನೀಲಿ. ಪೆಂಗ್ವಿನ್ ಗುರುತು ಬಿಟ್ಟರೆ ಬೇರೆ ಚಿತ್ರವೇ ಇಲ್ಲ.

ಈಗ ಪುಸ್ತಕ ಮೊದಲು ಕಣ್ಣಿಗೆ ಬೀಳುವುದು ಫೋನಿನಲ್ಲಿ, ಅಂಚೆಚೀಟಿಯಷ್ಟು ಗಾತ್ರದಲ್ಲಿ. ಹಾಗಾಗಿ ಯಾವ ವಿನ್ಯಾಸವನ್ನೇ ಆಗಲಿ ಅಷ್ಟು ಚಿಕ್ಕದು ಮಾಡಿ, ಬಣ್ಣ ತೆಗೆದು ನೋಡುತ್ತೇನೆ. ಕನ್ನಡದ ಹೆಸರಾದರೆ ಒತ್ತಕ್ಷರಗಳ ಕಡೆ ಜಾಸ್ತಿ ಗಮನ. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗಿದರೆ ಎರಡೂ ಸೇರಿ ಬರೀ ಮಸಿ. ಲೇಖಕರು ಪ್ರೀತಿಯಿಂದ ಕಳಿಸುವ ನಾಲ್ಕೈದು ಚಿತ್ರಗಳಲ್ಲಿ ಒಂದನ್ನೇ ಉಳಿಸೋಣ ಅನ್ನುವುದೂ ಇದಕ್ಕೇ. ಸ್ವಲ್ಪ ಮುನಿಸು ಆಗುತ್ತದೆ, ಇರಲಿ.

ಹಳೇ ಪುಸ್ತಕವನ್ನು ಮಡಚಿ, ಕೆತ್ತಿ ಕಲಾಕೃತಿ ಮಾಡುವವರಿಗೆ ಮಾತ್ರ ನಾನು ಹೇಳುವುದು ಪೂರ್ತಿ ಉಲ್ಟಾ: ಮುಖಪುಟವನ್ನು ನಂಬಬೇಡಿ. ಚರ್ಮದ ಬೆನ್ನು, ಚಿನ್ನದ ಅಕ್ಷರ ನೋಡಿ ಮರುಳಾಗಿ ಅದನ್ನೇ ಕತ್ತರಿಸಲು ಆರಿಸುತ್ತಾರೆ. ಉಳಿಸಬೇಕಾದದ್ದು ಎಷ್ಟೋ ಸಲ ಅದೇ ಆಗಿರುತ್ತದೆ. ಕಾಲ ಮೀರಿದ ಕಾನೂನು ಕೈಪಿಡಿ, ಅರ್ಧ ಸಂಪುಟಗಳು ಕಳೆದುಹೋದ ವಿಶ್ವಕೋಶ, ಹಳೇ ಡೈರೆಕ್ಟರಿ ಇಂಥವು ಸಾಕು. ನೋಡಲು ಸಪ್ಪೆ, ಆದರೆ ಕತ್ತರಿಸಿದರೆ ಯಾರಿಗೂ ನಷ್ಟವಿಲ್ಲ.

ಮೊದಲು ಮುದ್ರಣದ ವಿವರವಿರುವ ಪುಟ ನೋಡಿ. ಮೊದಲ ಮುದ್ರಣವೇ? ಲೇಖಕರ ಸಹಿ ಇದೆಯೇ? ಅಂಚಿನಲ್ಲಿ ಯಾರಾದರೂ ಟಿಪ್ಪಣಿ ಬರೆದಿದ್ದಾರೆಯೇ? ಮೇಲೆ ಸುತ್ತಿದ ಕಾಗದದ ಹೊದಿಕೆಯನ್ನು ಸುಮ್ನೆ ಕಿತ್ತೆಸೆಯಬೇಡಿ. ಅಂಥ ಹೊದಿಕೆಗಳು ಕನಿಷ್ಠ 1829ರಿಂದ ಇವೆ. ಆಗ ಅವು ಧೂಳು ತಡೆಯುವ ಕಾಗದವಷ್ಟೇ, ಕೊಂಡವರು ಬಿಸಾಡುತ್ತಿದ್ದರು. ಉಳಿದದ್ದು ಕಡಿಮೆ ಆದ್ದರಿಂದಲೇ ಇವತ್ತು ಹೊದಿಕೆ ಇರುವ ಹಳೇ ಪ್ರತಿಗೆ ಸಂಗ್ರಾಹಕರು ಹಲವು ಪಟ್ಟು ಬೆಲೆ ಕೊಡುತ್ತಾರೆ.

ಹತ್ತೊಂಬತ್ತನೇ ಶತಮಾನದ, ಕಣ್ಣು ಕೋರೈಸುವ ಹಸಿರು ಬಟ್ಟೆಯ ರಟ್ಟು ಸಿಕ್ಕರೆ ಕೈ ಹಾಕಲೇಬೇಡಿ. ಆ ಹಸಿರಿನಲ್ಲಿ ತಾಮ್ರದ ಜೊತೆ ಆರ್ಸೆನಿಕ್ ಇರಬಹುದು. ಅಮೆರಿಕದ ವಿಂಟರ್‌ಥರ್ ಮ್ಯೂಸಿಯಂ 2019ರಿಂದ ಇಂಥ ಪುಸ್ತಕಗಳನ್ನು ಗುರುತಿಸಿ ಪಟ್ಟಿ ಮಾಡುತ್ತಿದೆ. ಕತ್ತರಿಸಿದರೂ ಉಜ್ಜಿದರೂ ವಿಷದ ಪುಡಿ ಏಳುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ, ಕೈ ತೊಳೆದುಕೊಳ್ಳಿ.

ಇನ್ನು ಕಾಗದ. ಹಾಳೆಯ ಮೂಲೆಯನ್ನು ಹಿಂದಕ್ಕೂ ಮುಂದಕ್ಕೂ ಎರಡು ಮೂರು ಸಲ ಮಡಚಿ. ಪಟ್ಟನೆ ಮುರಿದು ಕೈಗೆ ಬಂದರೆ ಮಡಿಕೆಯ ಕೆಲಸಕ್ಕೆ ಆಗದು. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಬಂತು. ಮಸಿ ಹರಡದಿರಲಿ ಅಂತ ಅದಕ್ಕೆ ಸೇರಿಸುತ್ತಿದ್ದ ಪಟಿಕ ಮತ್ತು ರಾಳದಿಂದ ಕಾಗದದಲ್ಲೇ ಆಮ್ಲ ಹುಟ್ಟಿ, ನಾರುಗಳನ್ನು ಮೆಲ್ಲಗೆ ತಿನ್ನುತ್ತದೆ. ಆಮೇಲೆ ಬೆನ್ನಿನ ತುದಿ ನೋಡಿ. ಮಡಚಿದ ಫಾರಂಗಳು, ಅಂದರೆ ಒಟ್ಟಿಗೆ ಮಡಚಿದ ಹಾಳೆಗಳ ಕಟ್ಟುಗಳು, ಗುಂಪು ಗುಂಪಾಗಿ ಕಂಡು, ನಡುವೆ ದಾರ ಇದ್ದರೆ ಅದು ಹೊಲಿಗೆಯ ಬೈಂಡಿಂಗ್. ಬರೀ ಅಂಟು ಹಚ್ಚಿದ್ದಾದರೆ ಮಡಿಕೆಗಳು ಬೀಸಣಿಗೆಯ ಹಾಗೆ ಅಗಲವಾದಂತೆ ಬೆನ್ನು ಬಿರಿದು ಹಾಳೆಗಳು ಉದುರುತ್ತವೆ. ಅಳತೆ ಹಾಕುವಾಗ ಪುಟ ಎಣಿಸಬೇಡಿ, ಹಾಳೆ ಎಣಿಸಿ. 300 ಪುಟ ಅಂದರೆ ಮಡಚಲು ಸಿಗುವುದು 150 ಹಾಳೆ ಮಾತ್ರ, ಅಲ್ವಾ?

ಕೆತ್ತನೆಗೆ ತಾಳ್ಮೆ ಇನ್ನೂ ಜಾಸ್ತಿ ಬೇಕು. ಅಂಚುಗಳಿಗೆ ಅಂಟು ಸವರಿ, ಭಾರ ಹೇರಿ, ಪೂರ್ತಿ ಒಣಗಿದ ಮೇಲೆ ಕೆಲವೇ ಹಾಳೆಗಳನ್ನು ಒಮ್ಮೆಗೆ ಕೊರೆದು ತೆಗೆಯುತ್ತಾ ಹೋಗಬೇಕು. ಬ್ಲೇಡ್ ಮೊಂಡಾದರೆ ಕಾಗದ ಕತ್ತರಿಸುವುದಿಲ್ಲ, ಹರಿಯುತ್ತದೆ. ಪುಸ್ತಕ ಕೆತ್ತುವ ಅಮೆರಿಕದ ಕಲಾವಿದ ಬ್ರಯಾನ್ ಡೆಟ್ಮರ್ ಕೆಲಸ ನನಗೆ ಇಷ್ಟವಾಗುವುದು ಅವರು ಹಾಕಿಕೊಂಡ ಒಂದು ನಿಯಮಕ್ಕೆ. ಒಳಗಿನ ಚಿತ್ರವನ್ನಾಗಲಿ ಪದವನ್ನಾಗಲಿ ಅವರು ಜಾಗ ಬದಲಿಸುವುದಿಲ್ಲ, ಹೊಸದು ಸೇರಿಸುವುದೂ ಇಲ್ಲ. ತೆಗೆಯುವುದಷ್ಟೇ.

ಬ್ರಿಟಿಷ್ ಕಲಾವಿದ ಟಾಮ್ ಫಿಲಿಪ್ಸ್ ದಾರಿ ಬೇರೆ. ಮೂರು ಪೆನ್ಸ್ ಚಿಲ್ಲರೆಗೆ ಸಿಗುವ ಮೊದಲ ಪುಸ್ತಕವನ್ನೇ ತೆಗೆದುಕೊಳ್ಳುತ್ತೇನೆ ಅಂದುಕೊಂಡು 1966ರಲ್ಲಿ ಅವರು ಕೊಂಡದ್ದು 1892ರ ಒಂದು ಕಾದಂಬರಿ. ಪ್ರತಿ ಪುಟಕ್ಕೂ ಬಣ್ಣ ಬಳಿದು, ಅಲ್ಲೊಂದು ಇಲ್ಲೊಂದು ಪದ ಮಾತ್ರ ಬಿಟ್ಟರು. ಬಿಟ್ಟ ಪದಗಳೇ ಕೂಡಿ ಬೇರೆ ಕಥೆಯಾಯಿತು. ಮತ್ತೆ ಮತ್ತೆ ಪುಟಗಳನ್ನು ಬದಲಿಸುತ್ತಾ, ಕೊನೆಯ ಆವೃತ್ತಿ ಬರುವ ಹೊತ್ತಿಗೆ 2016. ಕಣ್ಣು ಮುಚ್ಚಿ ಆರಿಸಿದ ಪುಸ್ತಕವಾದರೂ, ಅದನ್ನು ಸಾಲು ಸಾಲಾಗಿ ಓದದೆ ಈ ಕೆಲಸ ಆಗುತ್ತಿರಲಿಲ್ಲ.

ನೀವು ಯಾವ ದಾರಿ ಹಿಡಿದರೂ ಕೃತಿಯ ಹಿಂಬದಿಯಲ್ಲಿ ಮೂಲ ಪುಸ್ತಕದ ಹೆಸರು, ಮುದ್ರಣದ ವರ್ಷ ಪೆನ್ಸಿಲ್‌ನಲ್ಲಿ ಬರೆದಿಡಿ. ಕತ್ತರಿಸಿ ಮುಗಿದ ಮೇಲೆ ಅದನ್ನು ಕಂಡುಹಿಡಿಯುವುದು ಕಷ್ಟ.